ಕಾರವಾರದಲ್ಲಿ ಮಗ ಕೇಳಿದ ಪ್ರಶ್ನೆ: ಹಡಗಿನ ಮೇಲೆ ಬರುವ ಕ್ಷಿಪಣಿ ಮೊದಲೇ ಯಾಕೆ ಕಾಣುವುದಿಲ್ಲ?

ಕೊಪ್ಪಳದವ
ದಸರಾ ರಜೆಗೆ ಮನೆಮಂದಿಯೆಲ್ಲ ಕಾರವಾರಕ್ಕೆ ಹೋಗಿದ್ದೆವು. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಅನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರಲ್ಲ, ಅದನ್ನು ನೋಡಿದೆವು. ನನ್ನ ಮಗ ಎಂಟನೇ ಕ್ಲಾಸು. ಯುದ್ಧದ ಹಡಗು ಅಂದರೆ ಬೆಟ್ಟದಂತೆ ಇರುತ್ತದೆ ಎಂದುಕೊಂಡಿದ್ದ. ನೋಡಿದರೆ ನಾಲ್ಕು ದೊಡ್ಡ ಡಬ್ಬಿ ಹೊತ್ತ ಒಂದು ದೋಣಿ. ಉದ್ದ ನಲವತ್ತು ಮೀಟರ್ ಕೂಡ ಇಲ್ಲ. ಪಕ್ಕದಲ್ಲಿದ್ದ ಪ್ರವಾಸಿಗರೊಬ್ಬರು "ಕರಾಚಿ ಸುಟ್ಟದ್ದು ಇದೇ ದೋಣಿ" ಎಂದರು.

ಶುರುವಾಯಿತು ನೋಡಿ. "ಅಪ್ಪಾ, ಇಷ್ಟು ಸಣ್ಣದು ದೊಡ್ಡ ಹಡಗನ್ನು ಹೇಗೆ ಮುಳುಗಿಸುತ್ತೆ? ದೊಡ್ಡ ಹಡಗಿಗೆ ರಾಡಾರ್ ಇರುತ್ತಲ್ಲ, ಮಿಸೈಲ್ ಬರೋದು ಕಾಣಲ್ವಾ? ಕಂಡರೆ ಹೊಡೆದು ಹಾಕಬಹುದಲ್ವಾ?" ನಾನು ಏನೋ ಒಂದು ಹೇಳಿದೆ. ಅವನು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ಕಡಲು ಕಾಣದ ಊರಿನವರು ನಾವು. ಬಲ್ಲವರು ಯಾರಾದರೂ ಬಿಡಿಸಿ ಹೇಳಿ.

ಬಳ್ಳಾರಿ ಬಿಸಿಲು
ಅಣ್ಣ, ಇದಕ್ಕೆ ಇಷ್ಟೆಲ್ಲ ಯಾಕೆ? ನಮ್ಮ ಬ್ರಹ್ಮೋಸ್ ಇದೆ. ವೇಗ 2.8 ಮ್ಯಾಕ್. ಶಬ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಬಂದಿದ್ದೇ ಗೊತ್ತಾಗಲ್ಲ, ಇನ್ನು ತಡೆಯುವುದೆಲ್ಲಿ! ಒಂದು ಬಿಟ್ಟರೆ ಒಂದು ಹಡಗು ಕಥೆ ಮುಗೀತು. ಮಗನಿಗೆ ಅಷ್ಟು ಹೇಳಿ ಸಾಕು.

ನಿವೃತ್ತ ನಾವಿಕ, ಗಂಗಾವತಿ
ಮೊದಲು ಒಂದು ತಿದ್ದುಪಡಿ. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಕರಾಚಿ ದಾಳಿ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ಹಾಗಾಗಿ ಚಪಲ್ ಅಲ್ಲಿರಲು ಸಾಧ್ಯವೇ ಇಲ್ಲ. ಅದೇ ಜಾತಿಯ ಅಣ್ಣಂದಿರು ಹೋಗಿದ್ದರು: ನಿಪಟ್, ನಿರ್ಘಾಟ್, ವೀರ್. ಬೆಂಗಾವಲಿಗೆ ಕಿಲ್ಟನ್ ಮತ್ತು ಕಚ್ಚಲ್. ಸೋವಿಯತ್ ದೇಶ ಈ ದೋಣಿಗಳನ್ನು ತನ್ನ ಬಂದರು ಕಾಯಲೆಂದು ಮಾಡಿದ್ದು. ನಮ್ಮವರು ಅವನ್ನೇ ಎದುರಾಳಿಯ ಬಾಗಿಲಿಗೆ ಕೊಂಡೊಯ್ದರು.

ನಾನು ಹದಿನೈದು ವರ್ಷ ರಾಡಾರ್ ಮುಂದೆ ಕುಳಿತವನು. ಕರಾಚಿ ಕಥೆಯಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನಿಸುವುದು ಬೇರೆಯೇ ಸಂಗತಿ. ಪಾಕಿಸ್ತಾನದ ಖೈಬರ್ ಎಂಬ ಡೆಸ್ಟ್ರಾಯರ್, ಅಂದರೆ ದೊಡ್ಡ ಯುದ್ಧನೌಕೆ ಇತ್ತು. ನಿರ್ಘಾಟ್ ಬಿಟ್ಟ ಮೊದಲ ಕ್ಷಿಪಣಿ ಬರುತ್ತಿರುವುದು ಅವರಿಗೆ ಕಂಡಿತ್ತು. ಸ್ಟಿಕ್ಸ್ ಅಂದರೆ ಪಿ-15 ಕ್ಷಿಪಣಿ, ಇಂದಿನವುಗಳಂತೆ ನೀರು ಸವರಿಕೊಂಡು ಬರುತ್ತಿರಲಿಲ್ಲ. ಎತ್ತರದಲ್ಲಿ, ಬಾಲಕ್ಕೆ ಬೆಂಕಿ ಕಟ್ಟಿಕೊಂಡು ಬರುತ್ತಿತ್ತು. ಹಡಗಿನವರು ಅದನ್ನು ವಿಮಾನ ಎಂದುಕೊಂಡರು. ಪೆಟ್ಟು ಬಿದ್ದ ಮೇಲೂ ಶತ್ರು ವಿಮಾನದ ದಾಳಿ ಎಂದೇ ಸಂದೇಶ ಕಳುಹಿಸಿದರು. ಎರಡನೇ ಕ್ಷಿಪಣಿಗೆ ಹಡಗು ಮುಳುಗಿತು.

ಅಂದರೆ ಕಾಣಲಿಲ್ಲ ಅಂತಲ್ಲ. ಕಂಡಿತು, ಏನೆಂದು ತಿಳಿಯಲಿಲ್ಲ. ಮಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಇನ್ನರ್ಧ ಲೆಕ್ಕದ್ದು, ಅದನ್ನು ನಮ್ಮ ಮೇಷ್ಟ್ರು ಹೇಳಿದರೆ ಚೆಂದ.

ಬಳ್ಳಾರಿ ಬಿಸಿಲು
ಸರ್, ಅದು ಹಳೇ ಕಾಲ. ಆಗ ಮಿಸೈಲ್ ಅಂದರೇನು ಅಂತಲೇ ಗೊತ್ತಿರಲಿಲ್ಲ.

ನಿವೃತ್ತ ನಾವಿಕ, ಗಂಗಾವತಿ
ಗೊತ್ತಿತ್ತಪ್ಪಾ. ನಾಲ್ಕು ವರ್ಷ ಹಿಂದೆಯೇ, 1967ರ ಅಕ್ಟೋಬರ್ 21ರಂದು, ಈಜಿಪ್ಟಿನ ಸಣ್ಣ ದೋಣಿಗಳು ಇಸ್ರೇಲಿನ ಐಲತ್ ಎಂಬ ಡೆಸ್ಟ್ರಾಯರ್ ಅನ್ನು ಇದೇ ಸ್ಟಿಕ್ಸ್ ಬಿಟ್ಟು ಮುಳುಗಿಸಿದ್ದವು. ಪೋರ್ಟ್ ಸೈದ್ ಬಂದರಿನ ಒಳಗಿನಿಂದಲೇ ಹೊಡೆದದ್ದು. 47 ಜನ ಸತ್ತರು. ಹಡಗಿನಿಂದ ಬಿಟ್ಟ ಕ್ಷಿಪಣಿಗೆ ಯುದ್ಧನೌಕೆ ಬಲಿಯಾದದ್ದು ಅದೇ ಮೊದಲು. ಜಗತ್ತಿನ ನೌಕಾಪಡೆಗಳೆಲ್ಲ ಬೆಚ್ಚಿಬಿದ್ದವು. ಆದರೂ ಖೈಬರ್‌ನವರಿಗೆ ಆ ರಾತ್ರಿ ಅದು ನೆನಪಾಗಲಿಲ್ಲ.

ಭೌತಶಾಸ್ತ್ರ ಮೇಷ್ಟ್ರು, ರಾಯಚೂರು
ಕರೆದಿದ್ದಕ್ಕೆ ಬಂದೆ. ಕೊಪ್ಪಳದವರೇ, ಮಗನಿಗೆ ಹೀಗೆ ಹೇಳಿ ನೋಡಿ.

ರಾಯಚೂರಿನ ಸುತ್ತ ನೆಲ ಚಪ್ಪಟೆ. ಶಕ್ತಿನಗರದ ಕಡೆಗೆ ದೂರದಿಂದ ಬರುವಾಗ ಮೊದಲು ಕಾಣುವುದು ಏನು? ಥರ್ಮಲ್‌ನ ಚಿಮಣಿ. ಅದರ ತುದಿ ಕಂಡು ಎಷ್ಟೋ ಹೊತ್ತಾದ ಮೇಲೆ ಕೆಳಗಿನ ಕಟ್ಟಡಗಳು ಕಾಣುತ್ತವೆ. ಗೇಟಿನ ಹತ್ತಿರ ನಿಂತ ಮನುಷ್ಯ ಕಾಣಬೇಕೆಂದರೆ ಅಲ್ಲಿಗೇ ಹೋಗಬೇಕು. ನಮ್ಮಲ್ಲಿ ಗಿಡಮರ, ದಿಬ್ಬ ಅಡ್ಡ ಬರುತ್ತವೆ. ಕಡಲಲ್ಲಿ ಅಡ್ಡ ಬರುವುದು ಭೂಮಿಯ ಉಬ್ಬು. ರಾಡಾರ್ ಅಲೆ ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತದೆ, ಭೂಮಿ ಅದರ ಕೆಳಗೆ ಬಾಗಿಕೊಂಡು ಹೋಗುತ್ತದೆ. ಆ ಬಾಗಿನ ಮರೆಯಲ್ಲಿ ಏನಿದೆಯೋ ಅದು ಕಾಣದು. ರಾಡಾರ್ ಎಷ್ಟು ದುಬಾರಿಯದ್ದಾದರೂ ಅಷ್ಟೇ.

ಲೆಕ್ಕ ಸುಲಭ. ರಾಡಾರ್ ಎತ್ತರದ ವರ್ಗಮೂಲ, ಕ್ಷಿಪಣಿ ಎತ್ತರದ ವರ್ಗಮೂಲ, ಎರಡನ್ನೂ ಕೂಡಿಸಿ 4.1ರಿಂದ ಗುಣಿಸಿ. ಎತ್ತರ ಮೀಟರಿನಲ್ಲಿ ಹಾಕಿದರೆ ಉತ್ತರ ಕಿಲೋಮೀಟರಿನಲ್ಲಿ ಬರುತ್ತದೆ. ಕಂಬದ ಮೇಲಿನ ರಾಡಾರ್ 20 ಮೀಟರ್ ಎತ್ತರದಲ್ಲಿದೆ ಅನ್ನಿ, ವರ್ಗಮೂಲ ಸುಮಾರು 4.5. ಕ್ಷಿಪಣಿ ನೀರಿನಿಂದ 5 ಮೀಟರ್ ಮೇಲೆ ಬರುತ್ತಿದೆ, ವರ್ಗಮೂಲ 2.2. ಒಟ್ಟು 6.7. ಗುಣಿಸಿದರೆ 27-28 ಕಿಲೋಮೀಟರ್. ಅಷ್ಟೇ! ಅದಕ್ಕಿಂತ ದೂರದಲ್ಲಿದ್ದರೆ ಹಡಗಿಗೆ ಆ ಕ್ಷಿಪಣಿ ಇಲ್ಲದ ಹಾಗೆಯೇ.

ಈಗ ವೇಗ ಹಾಕಿ. ಶಬ್ದಕ್ಕಿಂತ ತುಸು ಕಡಿಮೆ ವೇಗದ ಕ್ಷಿಪಣಿ ಸೆಕೆಂಡಿಗೆ 300 ಮೀಟರ್ ಬರುತ್ತದೆ. ಕಂಡ ಮೇಲೆ ಹಡಗಿಗೆ ಉಳಿಯುವುದು ಸುಮಾರು 90 ಸೆಕೆಂಡು. ನೀರಿನ ಮಟ್ಟದಲ್ಲಿ 2.8 ಮ್ಯಾಕ್‌ನಲ್ಲಿ ಬಂದರೆ ಸುಮಾರು 30 ಸೆಕೆಂಡು. ಬಳ್ಳಾರಿಯಿಂದ ತೋರಣಗಲ್ಲಿಗೆ 30 ಕಿಲೋಮೀಟರ್ ಇರಬಹುದಲ್ವಾ? ಅಷ್ಟು ದೂರವನ್ನು ಅರ್ಧ ನಿಮಿಷದಲ್ಲಿ ದಾಟಿದ ಹಾಗೆ. ನಮ್ಮ ಪ್ಯಾಸೆಂಜರ್ ರೈಲು ಅಷ್ಟರಲ್ಲಿ ಸೀಟಿ ಊದಿ ಮುಗಿಸಿರುವುದಿಲ್ಲ.

ಬಳ್ಳಾರಿ ಬಿಸಿಲು
ಅದನ್ನೇ ನಾನು ಹೇಳಿದ್ದು ಮೇಷ್ಟ್ರೇ! 30 ಸೆಕೆಂಡಲ್ಲಿ ಯಾರು ಏನು ಮಾಡ್ತಾರೆ?

ನಿವೃತ್ತ ನಾವಿಕ, ಗಂಗಾವತಿ
ಎಚ್ಚರ ಇದ್ದವರು ತುಂಬಾ ಮಾಡುತ್ತಾರೆ ತಮ್ಮಾ. ಆಪ್ಸ್ ರೂಮಿನಲ್ಲಿ, ಅಂದರೆ ಹಡಗಿನ ಕಾಳಗ ನಡೆಸುವ ಕೋಣೆಯಲ್ಲಿ, 30 ಸೆಕೆಂಡು ಸಣ್ಣ ಹೊತ್ತಲ್ಲ. ಬರಾಕ್-8 ಇದೆ, ಅದೇ ಬರುವ ಕ್ಷಿಪಣಿಯನ್ನು ಹೊಡೆಯುವ ಕ್ಷಿಪಣಿ. ಅದೂ ತಪ್ಪಿದರೆ ಆರು ನಳಿಗೆಯ ಎಕೆ-630 ಗನ್ ಇದೆ, ನಿಮಿಷಕ್ಕೆ ಸಾವಿರಗಟ್ಟಲೆ ಗುಂಡು ಉಗುಳುತ್ತದೆ. ಅಷ್ಟರಲ್ಲೇ ಚಾಫ್ ಕೂಡ ಹಾರಿಸಬಹುದು. ಚಾಫ್ ಅಂದರೆ ಲೋಹ ಲೇಪಿಸಿದ ಕೂದಲಿನಂಥ ಎಳೆಗಳು. ಜಾತ್ರೆಯಲ್ಲಿ ಚಮಕಿ ಎರಚಿದ ಹಾಗೆ ಆಕಾಶದಲ್ಲಿ ಹರಡಿಕೊಳ್ಳುತ್ತದೆ. ಕ್ಷಿಪಣಿಯ ಮೂತಿಯಲ್ಲಿರುವ ರಾಡಾರಿಗೆ ಅದೇ ಒಂದು ಹಡಗಿನಂತೆ ಕಾಣುತ್ತದೆ.

ಕೆಲಸ ಮಾಡುತ್ತಾ ಎಂದು ಕೇಳುತ್ತೀರಿ. 1973ರ ಅಕ್ಟೋಬರ್, ಸಿರಿಯಾದ ಲಟಾಕಿಯಾ ಬಂದರಿನ ಎದುರು. ಸಿರಿಯಾದ ದೋಣಿಗಳ ಬಳಿ ಸ್ಟಿಕ್ಸ್, ಹೊಡೆತ 40 ಕಿಲೋಮೀಟರ್. ಇಸ್ರೇಲಿನವರ ಗೇಬ್ರಿಯಲ್ ಕ್ಷಿಪಣಿಗೆ ಅದರ ಅರ್ಧ. ಕಾಗದದ ಮೇಲೆ ಸಿರಿಯಾ ಗೆಲ್ಲಬೇಕು. ಆರು ವರ್ಷ ಹಿಂದೆ ಐಲತ್ ಕಳೆದುಕೊಂಡವರು ಪಾಠ ಕಲಿತಿದ್ದರು. ಚಾಫ್ ಎರಚಿದರು, ರಾಡಾರನ್ನು ಕಂಗೆಡಿಸುವ ಯಂತ್ರ ಹಚ್ಚಿದರು. ಬಂದ ಸ್ಟಿಕ್ಸ್‌ಗಳೆಲ್ಲ ನೀರಿಗೆ ಬಿದ್ದವು. ಆಮೇಲೆ ಹತ್ತಿರ ಹೋಗಿ ಸಿರಿಯಾದ ಐದೂ ಹಡಗುಗಳನ್ನು ಮುಳುಗಿಸಿದರು. ಕ್ಷಿಪಣಿ ದೋಣಿಗಳೇ ಎದುರುಬದುರು ನಿಂತ ಮೊದಲ ಕಾಳಗ ಅದು, ಉದ್ದ ಕೈಯವನೇ ಸೋತ.

ಸಿಂಧನೂರು ಭತ್ತ
ಎಲ್ಲ ಚೆನ್ನಾಗಿದೆ. ಒಂದು ಮಾತು ಕೇಳುತ್ತೇನೆ, ಬೈಯಬೇಡಿ. ನಮ್ಮ ಉಪಕಾಲುವೆಯ ಕೊನೆಗೆ ಎರಡು ವರ್ಷದಿಂದ ನೀರು ಸರಿಯಾಗಿ ಮುಟ್ಟಿಲ್ಲ. ಕೇಳಿದರೆ ದುಡ್ಡಿಲ್ಲ ಎನ್ನುತ್ತಾರೆ. ಇಲ್ಲಿ ನೋಡಿದರೆ ಒಂದು ಕ್ಷಿಪಣಿಗೆ ಕೋಟಿಗಟ್ಟಲೆ. ಅದೂ ಒಮ್ಮೆ ಬಿಟ್ಟರೆ ಮುಗೀತು. ಸಿಂಧನೂರಿಗೂ ಸಮುದ್ರಕ್ಕೂ ಏನು ಸಂಬಂಧ?

ನಿವೃತ್ತ ನಾವಿಕ, ಗಂಗಾವತಿ
ಕಾಕಾ, ಬೈಯುವ ಮಾತೇ ಇಲ್ಲ. ನನ್ನದೂ ಮೂರು ಎಕರೆ ಇದೆ. ಆದರೆ ನೀವು ಹೊಲಕ್ಕೆ ಹಾಕುವ ಪೊಟ್ಯಾಶ್ ಇದೆಯಲ್ಲ, ದೇಶಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೂ ಹಡಗಿನಲ್ಲೇ ಬರುತ್ತದೆ. ಟ್ರ್ಯಾಕ್ಟರಿನ ಡೀಸೆಲ್ಲಿಗೆ ಬೇಕಾದ ಕಚ್ಚಾತೈಲದಲ್ಲೂ ಬಹುಪಾಲು ಹಾಗೆಯೇ. 2024ರ ಜನವರಿಯಲ್ಲಿ ಏಡನ್ ಕೊಲ್ಲಿಯಲ್ಲಿ ಮಾರ್ಲಿನ್ ಲುವಾಂಡಾ ಎಂಬ ಟ್ಯಾಂಕರಿಗೆ ಯೆಮೆನ್‌ನ ಹೌತಿ ಬಂಡುಕೋರರ ಕ್ಷಿಪಣಿ ಬಡಿದು ಬೆಂಕಿ ಹತ್ತಿತು. ಅದರಲ್ಲಿ 22 ಜನ ನಮ್ಮವರೇ. ಐಎನ್‌ಎಸ್ ವಿಶಾಖಪಟ್ಟಣಂ ಹೋಗಿ ಬೆಂಕಿ ಆರಿಸಲು ಕೈಜೋಡಿಸಿತು. ಅಂಥ ಹಡಗಿನ ಮೇಲೆ 16 ಬ್ರಹ್ಮೋಸ್ ಇರುತ್ತವೆ. ಅವನ್ನು ಬಿಡಲಿಲ್ಲ, ಬಿಡುವ ಅಗತ್ಯವೂ ಬರಲಿಲ್ಲ.

ಸಿಂಧನೂರು ಭತ್ತ
ಪೊಟ್ಯಾಶ್ ಮಾತು ಒಪ್ಪಿದೆ. ಕಾಲುವೆ ಮಾತು ಬಿಟ್ಟಿಲ್ಲ.

ಬಿ ಶಿಫ್ಟ್, ತೋರಣಗಲ್ಲು
ನೈಟ್ ಮುಗಿಸಿ ಬಂದು ಓದುತ್ತಿದ್ದೇನೆ. ಉಕ್ಕಿನ ಕಡೆಯಿಂದ ಎರಡು ಮಾತು.

ಇಷ್ಟು ಸಣ್ಣ ಕ್ಷಿಪಣಿ ದೊಡ್ಡ ಹಡಗನ್ನು ಹೇಗೆ ಕೆಡಿಸುತ್ತದೆ ಎಂದು ಹುಡುಗ ಕೇಳಿದ್ದಾನೆ. ಎರಡನೇ ಮಹಾಯುದ್ಧದ ಬ್ಯಾಟಲ್‌ಶಿಪ್‌ಗಳ ಮೈಮೇಲೆ ಒಂದು ಅಡಿ ದಪ್ಪದ ಉಕ್ಕಿನ ಕವಚ ಇರುತ್ತಿತ್ತು. ಇಂದಿನ ಹಡಗಿನ ಹೊರತಗಡು ಮಿಲಿಮೀಟರ್ ಲೆಕ್ಕದ್ದು. ಉಕ್ಕು ಒಳ್ಳೆಯದೇ. ವಿಕ್ರಾಂತ್‌ಗೆ ಹಾಕಿದ ಡಿಎಂಆರ್ 249 ಅನ್ನು ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್‌ನವರು ರೂಪಿಸಿದ್ದು, ಸರ್ಕಾರಿ ಉಕ್ಕು ಕಂಪನಿ ಸೈಲ್‌ನ ಕಾರ್ಖಾನೆಗಳಲ್ಲಿ ತಯಾರಾದದ್ದು. ತಣ್ಣನೆಯ ನೀರಿನಲ್ಲೂ ಸಿಡಿಯದೆ ಬಾಗುವ ಗುಣ ಅದಕ್ಕಿದೆ. ಆದರೆ ಅದು ಹಡಗು ಕಟ್ಟುವ ಉಕ್ಕು. ಟನ್‌ಗಟ್ಟಲೆ ತೂಕದ ಕ್ಷಿಪಣಿಯನ್ನು ಎದೆಕೊಟ್ಟು ತಡೆಯಲೆಂದು ಹಾಕಿದ್ದಲ್ಲ. ತೂಕ ಅಷ್ಟೇ ಇದ್ದು ವೇಗ ಮೂರು ಪಟ್ಟಾದರೆ ಪೆಟ್ಟಿನ ಶಕ್ತಿ ಒಂಬತ್ತು ಪಟ್ಟು. ಸಿಡಿತಲೆ ಸಿಡಿಯುವುದು ಅದರ ಜೊತೆಗೆ ಬೇರೆ.

ಇನ್ನೊಂದು ಬೆಂಕಿ. 1982ರ ಮೇ 4ರಂದು ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿ ಬಡಿಯಿತು. ಸಿಡಿತಲೆ ಸಿಡಿಯಿತೋ ಇಲ್ಲವೋ ಎಂದು ಆಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಹಡಗನ್ನು ತಿಂದದ್ದು ಬೆಂಕಿ. ಬೆಂಕಿ ಆರಿಸುವ ನೀರಿನ ಮುಖ್ಯ ಪೈಪೇ ಮೊದಲ ಪೆಟ್ಟಿಗೆ ಒಡೆದಿತ್ತು. ಫರ್ನೇಸ್ ಹತ್ತಿರ ಕೆಲಸ ಮಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಿವೃತ್ತ ನಾವಿಕ, ಗಂಗಾವತಿ
ಶೆಫೀಲ್ಡ್ ಹೆಸರು ತೆಗೆದಿರಿ. ಅದಕ್ಕೆ ಬಂದದ್ದು ವಿಮಾನದಿಂದ ಬಿಟ್ಟ ಕ್ಷಿಪಣಿ, ಆದರೂ ಪಾಠ ಒಂದೇ. ಆ ಹೊತ್ತಿಗೆ ಹಡಗಿನವರು ಉಪಗ್ರಹದ ಮೂಲಕ ಮಾತಾಡುತ್ತಿದ್ದರು. ಆ ಗದ್ದಲಕ್ಕೆ, ಎದುರಾಳಿಯ ರಾಡಾರ್ ಸದ್ದನ್ನು ಹಿಡಿಯುವ ಅವರ ಯಂತ್ರ ಕಿವುಡಾಗಿತ್ತು. 1987ರಲ್ಲಿ ಅಮೆರಿಕದ ಸ್ಟಾರ್ಕ್ ಹಡಗು: ಇರಾಕಿನ ಎರಡು ಎಕ್ಸೊಸೆಟ್, 37 ಸಾವು. ರಕ್ಷಣೆಯ ಫೇಲಾಂಕ್ಸ್ ಗನ್ ಸ್ಟ್ಯಾಂಡ್‌ಬೈನಲ್ಲಿತ್ತು. 2006ರಲ್ಲಿ ಲೆಬನಾನ್ ಎದುರು ಇಸ್ರೇಲಿನ ಹಾನಿತ್, ಬರಾಕ್-1 ರಕ್ಷಣಾ ಕ್ಷಿಪಣಿ ಇದ್ದ ಹಡಗು. ಹಿಜ್ಬುಲ್ಲಾ ಬಳಿ ಹಡಗು ಹೊಡೆಯುವ ಕ್ಷಿಪಣಿ ಎಲ್ಲಿಂದ ಬರಬೇಕು ಎಂದುಕೊಂಡಿದ್ದರು, ರಕ್ಷಣಾ ವ್ಯವಸ್ಥೆ ಚಾಲೂ ಇರಲಿಲ್ಲ. ನಾಲ್ವರು ಹೋದರು.

ಲಟಾಕಿಯಾದಲ್ಲಿ ಚಾಫ್ ಎರಚಿ ಗೆದ್ದ ಅದೇ ನೌಕಾಪಡೆ ಇದು, ನೋಡಿ. ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ. ಈ ಪಟ್ಟಿಯಲ್ಲಿ ಕ್ಷಿಪಣಿ ತೀರಾ ಜಾಣ ಆಗಿದ್ದಕ್ಕೆ ಪೆಟ್ಟು ತಿಂದ ಹಡಗು ಎಷ್ಟು? ಕಣ್ಣು ಬೇರೆಡೆ ಇದ್ದದ್ದಕ್ಕೆ ತಿಂದದ್ದು ಎಷ್ಟು? ರಾತ್ರಿ ಹನ್ನೆರಡರಿಂದ ನಾಲ್ಕರ ವಾಚ್, ಅಂದರೆ ಕಾವಲು ಪಾಳಿ ಮಾಡಿದವರನ್ನು ಕೇಳಿ. ಮೂರು ಗಂಟೆಗೆ ಸ್ಕ್ರೀನ್ ಮೇಲಿನ ಚುಕ್ಕೆಗಳೆಲ್ಲ ಒಂದೇ ಥರ ಕಾಣುತ್ತವೆ. ಮೀನು ದೋಣಿ, ಅಲೆ, ಮಳೆಮೋಡ. ಸಾವಿರ ಸಲ ಏನೂ ಆಗಿರುವುದಿಲ್ಲ.

ಬಿ ಶಿಫ್ಟ್, ತೋರಣಗಲ್ಲು
ಸರ್, ಇದು ನಮ್ಮ ಕಂಟ್ರೋಲ್ ರೂಮಿನ ಕಥೆಯೇ. ಹಿಂದೆ ಒಂದು ಕಡೆ ಕೆಲಸಕ್ಕಿದ್ದೆ, ಹೆಸರು ಬೇಡ. ಅಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ) ಗ್ಯಾಸ್ ಡಿಟೆಕ್ಟರ್ ಒಂದು ದಿನಕ್ಕೆ ಹತ್ತು ಸಲ ಸುಮ್ಸುಮ್ನೆ ಕೂಗುತ್ತಿತ್ತು. ರಿಪೇರಿಗೆ ಬರೆದು ಕೊಟ್ಟು ತಿಂಗಳಾಗಿತ್ತು. ಕಡೆಗೆ ಶಿಫ್ಟ್‌ನವರೇ ಅಲಾರಂ ಮ್ಯೂಟ್ ಮಾಡಿದರು. ಅವರಲ್ಲಿ ನಾನೂ ಒಬ್ಬ. ಒಂಬತ್ತನೇ ದಿನ ನಿಜವಾಗಿ ಲೀಕ್ ಆಯಿತು. ಹೆಲ್ಪರ್ ಹುಡುಗ ಮೆಟ್ಟಿಲ ಮೇಲೆ ಕುಸಿದ. ಪುಣ್ಯಕ್ಕೆ ಇನ್ನೊಬ್ಬ ನೋಡಿದ, ಹೊತ್ತು ತಂದರು, ಬದುಕಿದ. ಅವತ್ತಿನಿಂದ ಮ್ಯೂಟ್ ಬಟನ್ ಕಂಡರೆ ನನ್ನ ಕೈ ಹಿಂದೆ ಬರುತ್ತದೆ. ಹಾನಿತ್‌ನಲ್ಲಿ ಸಿಸ್ಟಂ ಬಂದ್ ಇಟ್ಟವನನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ.

ಕೋಟೆ ಅಕ್ಕ, ರಾಯಚೂರು
ನಿಮ್ಮ ಮಾತಿನ ನಡುವೆ ಇತಿಹಾಸದವಳು ತಲೆ ಹಾಕುತ್ತೇನೆ. 1520ರಲ್ಲಿ ನಮ್ಮ ರಾಯಚೂರಿನ ಯುದ್ಧ. ಕೃಷ್ಣದೇವರಾಯ ಒಂದು ಕಡೆ, ಇಸ್ಮಾಯಿಲ್ ಆದಿಲ್ ಶಾ ಇನ್ನೊಂದು ಕಡೆ. ಪೋರ್ಚುಗೀಸರ ನೂನಿಜ್ ಬರೆದಿಟ್ಟಿದ್ದಾನೆ. ಆದಿಲ್ ಶಾಹಿ ಫಿರಂಗಿಗಳು ಒಟ್ಟಿಗೆ ಸಿಡಿದು ರಾಯರ ಮುಂದಿನ ಸಾಲು ಚೆಲ್ಲಾಪಿಲ್ಲಿಯಾಯಿತು. ಆದರೆ ಅವನ್ನು ಮತ್ತೆ ತುಂಬುವಷ್ಟರಲ್ಲಿ ರಾಯ ಸೈನ್ಯ ಕೂಡಿಸಿಕೊಂಡು ಮೇಲೆ ಬಿದ್ದ. ಹಡಗಿನಲ್ಲೂ ಹೀಗೇನಾ? ಇರುವ ಹದಿನಾರನ್ನೂ ಒಟ್ಟಿಗೆ ಬಿಟ್ಟರೆ ಆಮೇಲೆ ಗತಿ ಏನು?

ನಿವೃತ್ತ ನಾವಿಕ, ಗಂಗಾವತಿ
ಅಕ್ಕಾ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಒಂದೊಂದೇ ಬಿಟ್ಟರೆ ಎದುರಿನವನು ಒಂದೊಂದೇ ಹೊಡೆದು ಹಾಕುತ್ತಾನೆ. ಒಟ್ಟಿಗೆ ಬೇರೆ ಬೇರೆ ದಿಕ್ಕಿನಿಂದ ಹೋದರೆ ಅವನ ಲೆಕ್ಕ ತಪ್ಪುತ್ತದೆ. ಆದರೆ ಖಾಲಿಯಾದ ಮೇಲೆ ಬಂದರಿಗೆ ಬಂದೇ ತುಂಬಿಕೊಳ್ಳಬೇಕು. ಬ್ರಹ್ಮೋಸ್ ಒಂದರ ತೂಕವೇ 3 ಟನ್, ಉದ್ದ 8 ಮೀಟರಿಗೂ ಮೇಲೆ. ಮುಚ್ಚಿದ ಕೊಳವೆಯ ಸಮೇತ ಕ್ರೇನಿನಿಂದ ಇಳಿಸುವ ಸಾಮಾನು ಅದು, ಕಡಲಿನ ಮಧ್ಯೆ ಹೆಗಲ ಮೇಲೆ ಹೊತ್ತು ತುಂಬಲು ಫಿರಂಗಿ ಗುಂಡಲ್ಲ. ಎಷ್ಟು ಬಿಡಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬುದೇ ಕ್ಯಾಪ್ಟನ್‌ನ ತಲೆನೋವು.

ಬಳ್ಳಾರಿ ಬಿಸಿಲು
ಸರಿ ಸರ್, ಕಣ್ಣು ಮುಖ್ಯ ಅಂದಿರಿ. ಆದರೆ ಬ್ರಹ್ಮೋಸ್ 290 ಕಿಲೋಮೀಟರ್ ಹೋಗುತ್ತಲ್ಲ. ಮೇಷ್ಟ್ರ ಲೆಕ್ಕದಲ್ಲಿ ಹಡಗಿನ ರಾಡಾರ್ 28 ಕಿಲೋಮೀಟರ್ ನೋಡುತ್ತೆ. ಹಾಗಾದರೆ ಕಾಣದ ಹಡಗಿಗೆ ಹೊಡೆಯೋದು ಹೇಗೆ?

ಭೌತಶಾಸ್ತ್ರ ಮೇಷ್ಟ್ರು, ರಾಯಚೂರು
ಶಭಾಷ್! ಇದು ಮೊದಲ ದಿನವೇ ನೀನು ಕೇಳಬೇಕಿದ್ದ ಪ್ರಶ್ನೆ.

ನಿವೃತ್ತ ನಾವಿಕ, ಗಂಗಾವತಿ
28 ಎಂಬುದು ನೀರು ಸವರಿ ಬರುವ ಕ್ಷಿಪಣಿಗೆ. ಎದುರು ಹಡಗಿಗೆ ಎತ್ತರದ ಕಂಬ ಇರುವುದರಿಂದ ತುಸು ಜಾಸ್ತಿ ದೂರದಿಂದ ಕಾಣುತ್ತದೆ, ಆದರೂ 290 ಎಲ್ಲಿ? ಬಳ್ಳಾರಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ 250 ಕಿಲೋಮೀಟರ್. ಬಳ್ಳಾರಿ ಗುಡ್ಡದ ಮೇಲೆ ನಿಂತು ಮೆಜೆಸ್ಟಿಕ್‌ನಲ್ಲಿ ಓಡುತ್ತಿರುವ ಒಂದು ಬಸ್ಸಿಗೆ ಗುರಿ ಇಟ್ಟ ಹಾಗೆ. ಯಾರೋ ಹೋಗಿ ನೋಡಿ ಹೇಳಲೇಬೇಕು. ಆ ಯಾರೋ ಅಂದರೆ ಹಡಗಿನ ಹೆಲಿಕಾಪ್ಟರ್, ಇಲ್ಲವೇ ಗೋವಾ, ಅರಕ್ಕೋಣಂಗಳಿಂದ ಏಳುವ, ಕಡಲ ಮೇಲೆ ಕಣ್ಣಿಡುವ ಪಿ-8ಐ ವಿಮಾನ. ಆ ಸುದ್ದಿಯನ್ನು ಹಡಗಿಗೆ ಮುಟ್ಟಿಸಲು ನೌಕಾಪಡೆಗೆಂದೇ 2013ರಲ್ಲಿ ಮೇಲೇರಿದ ಜಿಸ್ಯಾಟ್-7 ಉಪಗ್ರಹ ಇದೆ.

ಸುದ್ದಿ ಬಂದರೂ ಮುಗಿಯಲಿಲ್ಲ. ಕ್ಷಿಪಣಿ ಹೋಗಿ ಮುಟ್ಟುವ ನಾಲ್ಕೈದು ನಿಮಿಷದಲ್ಲಿ ಎದುರಿನ ಹಡಗು ಎರಡು-ಮೂರು ಕಿಲೋಮೀಟರ್ ಸರಿದಿರುತ್ತದೆ. ಹತ್ತಿರ ಹೋದ ಮೇಲೆ ಕ್ಷಿಪಣಿ ತನ್ನ ಮೂತಿಯ ರಾಡಾರ್ ತೆರೆದು ಹುಡುಕುತ್ತದೆ. ಮೊದಲೇ ತೆರೆದರೆ ಎದುರಾಳಿಗೆ ಸುಳಿವು ಸಿಗುತ್ತದೆ. ತಡವಾಗಿ ತೆರೆದರೆ ಗುರಿ ಪಕ್ಕಕ್ಕೆ ಸರಿದಿರಬಹುದು. ಆ ಹೊತ್ತಿಗೆ ಅಲ್ಲಿ ಯಾವ ಹಡಗು ಕಂಡರೆ ಅದೇ. 1982ರ ಮೇ 25ರಂದು ಬ್ರಿಟಿಷ್ ಯುದ್ಧನೌಕೆಗಳು ಚಾಫ್ ಎರಚಿ ಎಕ್ಸೊಸೆಟ್‌ಗಳ ದಾರಿ ತಪ್ಪಿಸಿದವು. ಅವು ಹೋಗಿ ಬಡಿದದ್ದು ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ. ಹನ್ನೆರಡು ಜನ ಸತ್ತರು.

ಇನ್ನು 290 ಎಂಬ ಅಂಕಿ. 300 ಕಿಲೋಮೀಟರ್ ಮೀರಿದ ಕ್ಷಿಪಣಿ ತಂತ್ರಜ್ಞಾನ ಹೊರಗೆ ಕೊಡುವುದಕ್ಕೆ ಎಂಟಿಸಿಆರ್ ಎಂಬ ಒಪ್ಪಂದದ ತಡೆ ಇತ್ತು, ರಷ್ಯಾ ಅದರೊಳಗಿತ್ತು. 2016ರಲ್ಲಿ ನಾವೂ ಸೇರಿದೆವು, ಆಮೇಲೆ ದೂರ ಹೆಚ್ಚಿಸಿದರು.

ಬಳ್ಳಾರಿ ಬಿಸಿಲು
ಒಪ್ಪಿದೆ ಸರ್. ಆದರೆ ಬ್ರಹ್ಮೋಸ್ ಬೆಸ್ಟ್ ಅನ್ನೋದನ್ನ ಬಿಡಲ್ಲ.

ನಿವೃತ್ತ ನಾವಿಕ, ಗಂಗಾವತಿ
ಬಿಡು ಅಂತ ಯಾರು ಹೇಳಿದರು? ನಾನೂ ಬಿಡಲ್ಲ.

ಕೊಪ್ಪಳದವ
ಎಲ್ಲರಿಗೂ ತುಂಬಾ ಧನ್ಯವಾದ. ಮಗನಿಗೆ ಪೂರ್ತಿ ಓದಿ ಹೇಳಿದೆ. ಮೇಷ್ಟ್ರ ವರ್ಗಮೂಲವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆಮೇಲೆ ಹಠ, ಪರೀಕ್ಷೆ ಮಾಡಿ ನೋಡಲೇಬೇಕಂತೆ. ಭಾನುವಾರ ಮುನಿರಾಬಾದ್ ಕಡೆ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋದೆ. ಮೀನು ಹಿಡಿಯುವ ಹರಿಗೋಲು ದೂರ ಹೋದಂತೆ ಕೆಳಗಿನಿಂದ ಮರೆಯಾಗಬೇಕು, ಕೂತು ನೋಡಿದರೆ ಬೇಗ, ನಿಂತು ನೋಡಿದರೆ ತಡವಾಗಿ. ಇದು ಅವನ ಯೋಜನೆ.

ಏನೂ ಆಗಲಿಲ್ಲ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲೇ ಹರಿಗೋಲು ಅಲೆಯ ಹೊಳಪಿನಲ್ಲಿ ಕಳೆದುಹೋಯಿತು. ಇದೆಯೋ ಇಲ್ಲವೋ ಎಂದು ನಾವಿಬ್ಬರೂ ಜಗಳ ಆಡಿದೆವು. ಅವನು ಅಲ್ಲಿದೆ ಎನ್ನುತ್ತಾನೆ, ನನಗೆ ಅದು ಕೊಕ್ಕರೆ. ಇಪ್ಪತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ ನೋಡಿ ತಲೆನೋವು ಬಂತು. ಆ ಗಲಾಟೆಯಲ್ಲಿ ಇನ್ನೊಂದು ಹರಿಗೋಲು ಎಡಗಡೆಯಿಂದ ಬಂದು ನಮ್ಮ ಹತ್ತು ಹೆಜ್ಜೆ ಪಕ್ಕದಲ್ಲೇ ದಡ ಮುಟ್ಟಿತ್ತು. ಇಬ್ಬರೂ ನೋಡಿಯೇ ಇರಲಿಲ್ಲ. ಅದರಲ್ಲಿದ್ದ ಅಜ್ಜ ಮೀನು ಬೇಕೇನು ಎಂದು ಕೇಳಿದ ಮೇಲೆಯೇ ತಿರುಗಿದ್ದು. ಒಂದು ಕಿಲೋ ತೆಗೆದುಕೊಂಡೆವು.